ನೂರಿಪ್ಪತ್ತೈದು ಮೈಕ್ರಾನ್

ಒಂಬತ್ತೂವರೆಗೆ ಶಟರ್ ಎತ್ತಿ
ಯಂತ್ರದ ಗುಂಡಿ ಒತ್ತುತ್ತೇನೆ.
ಕೆಂಪು ದೀಪ ಹಸಿರಾಗುವಷ್ಟರಲ್ಲಿ
ಗ್ರೀನ್ ಸ್ಟ್ರೀಟಿನ ಬಿಸಿಲು ಮೆಟ್ಟಿಲೇರಿರುತ್ತದೆ.
ಬಾಗಿಲಲ್ಲಿ ನಾಲ್ಕು ಮಂದಿ:
ಆಧಾರು, ರೇಷನ್ನು,
ಬೈತಖೋಲದ ದೋಣಿಯವರ ಗುರುತಿನ ಚೀಟಿ,
ಫೇಲಾದ ಹುಡುಗನ ಅಂಕಪಟ್ಟಿ. ಅವನೂ
‘ದಪ್ಪ ಪ್ಲಾಸ್ಟಿಕ್ಕೇ ಹಾಕಿ ಅಕ್ಕಾ’ ಎನ್ನುತ್ತಾನೆ.

ಬರೀ ಬಾಯಿಮಾತಿಗೆ ಇಲ್ಲಿ ಯಾವುದೂ ನಡೆಯುವುದಿಲ್ಲ.
ತಹಶೀಲ್ದಾರ ಕಚೇರಿಯ ಕಿಂಡಿಯಲ್ಲಿ
ನಾನು ಇಂಥವಳು ಎಂದರೆ ಯಾರು ಕೇಳುತ್ತಾರೆ?
ಕಾರ್ಡು ತೋರಿಸಮ್ಮ.
ನನ್ನ ಮಗಳು ತೋರಿಸಿದರೆ ಮಾತ್ರ
‘ಅಯ್ಯೋ ಪಾಪ, ಕಾರ್ಡಿನಲ್ಲಾ?’

ದುರ್ವಾಳಿಗೆ ಏಳು.
ಬಾಯಿಂದ ಬರುವುದು ಎರಡೇ ಸದ್ದು,
ಒಂದು ಖುಷಿಯದು. ಇನ್ನೊಂದು
ಏನೆಂದು ನನಗೂ ಗೊತ್ತಿಲ್ಲ.

ಹುಬ್ಬಳ್ಳಿಯ ಟೀಚರು ಹೇಳಿಕೊಟ್ಟ ಮೇಲೆ
ರಾತ್ರಿ ಶಟರ್ ಅರ್ಧ ಇಳಿಸಿ
ಉಳಿದ ಪೌಚುಗಳಲ್ಲಿ ಅವಳ ಮಾತು ಬೇಯಿಸಿದೆ.
ಒಂದೊಂದೇ ಹಪ್ಪಳದ ಹಾಗೆ ಬಿಸಿಯಾಗಿ ಹೊರಬಂತು:
ನೀರಿನ ಲೋಟ. ಇಡ್ಲಿ. ಜೋಕಾಲಿ. ಫ್ಯಾನು.
ಅಡ್ಡ ಹಿಡಿದ ಅಂಗೈ: ಸಾಕು.
ಬೆನ್ನಿಗೆ ವೆಲ್ಕ್ರೋ ಚೂರು.

ಅತ್ತೆ ‘ಉದಾಕ’ ಅನ್ನುತ್ತಾರೆ, ಶಾಲೆಯಲ್ಲಿ ‘ನೀರು’.
ಚಿತ್ರದ ಲೋಟ ಇಬ್ಬರ ಮಾತಿಗೂ ತುಂಬಿಕೊಳ್ಳುತ್ತದೆ.
ಅರ್ಜಿಯಲ್ಲಿ ಮಾತೃಭಾಷೆ ಎಂಬ ಖಾನೆ ಇತ್ತು,
ಗೀಟು ಎಳೆದೆ.

‘ಕಾರ್ಡು ಕೊಟ್ಟರೆ ನಾಲಿಗೆ ಸೋಮಾರಿಯಾಗುತ್ತೆ’
ಎಂದರು ನಾದಿನಿಯ ಗಂಡ,
ಮೊಬೈಲಿನಿಂದ ತಲೆ ಎತ್ತದೆ.
ಎಂಟು ತಿಂಗಳು ದುರ್ವಾ ಕಾರ್ಡು ಕಚ್ಚಿದಳು, ಎಸೆದಳು,
ಇಡ್ಲಿ ಬಾವಿಗೆ ಬಿತ್ತು.
ಕಡಲಿನ ಹಸಿ ಗಾಳಿಗೆ ಅಂಚು ಬಿಟ್ಟುಕೊಂಡವು.
ಮತ್ತೆ ಬೇಯಿಸಿದೆ.

ಒಂದು ಬೆಳಿಗ್ಗೆ, ಅತ್ತೆ ತಲೆ ಬಾಚುತ್ತಿರುವಾಗ,
ಚರ್ರ್.
ಸಿಕ್ಕು ಬಿಡಿಸುವ ಕೈಯೊಳಗೆ ತಂದಿಟ್ಟಳು:
ಸಾಕು.
ಅತ್ತೆ ಬಾಚಣಿಗೆ ಕೆಳಗಿಟ್ಟರು.
ಆ ದಿನ ಅರ್ಧ ಜಡೆಯಲ್ಲೇ ಶಾಲೆಗೆ ನಡೆದಳು,
ಏನು ಗತ್ತು!
‘ಅಮ್ಮ’ ಎಂಬ ಕಾರ್ಡನ್ನು ನಾನು
ಮೇಲಿನ ಸಾಲಿನಲ್ಲಿ, ಸರಿಯಾಗಿ ನಡುವೆ ಅಂಟಿಸಿದ್ದೆ.
ಅದಿನ್ನೂ ಹೊಸದರ ಹಾಗೇ ಇದೆ.

ಟ್ರಾಲರುಗಳು ಕಡಲಿಗಿಳಿಯದ ಅರವತ್ತೊಂದು ದಿನ
ಇವರು ಜಗಲಿಯಲ್ಲಿ ಬಲೆ ಹೆಣೆದರು.
ಇವಳು ಪಕ್ಕದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗಿಸಿ,
ಸೂಜಿ ಹೋಗಿ ಬರುವುದನ್ನು ನೋಡುತ್ತ.
ಆಗಸ್ಟಿನಲ್ಲಿ ದೋಣಿ ಹೋಯಿತು, ಇವರೂ ಹೋದರು.

ಶನಿವಾರ. ಅಂಗಡಿಯಲ್ಲಿ ಕಾಲಡಿಗೆ ಕೂತಿದ್ದವಳು
ಖಾಲಿ ಪೌಚೊಂದನ್ನು ಎಳೆದುಕೊಂಡಳು.
ಫ್ರಾಕಿನ ಕಿಸೆಯಿಂದ ಗೇಣುದ್ದ ನೀಲಿ ನೂಲು.
ಒಳಗಿಟ್ಟು ನನ್ನ ಮುಂದೆ ಸರಿಸಿದಳು.
ನೈಲಾನು ಕರಗೀತು, ಯಂತ್ರ ಕೆಟ್ಟೀತು, ಮಾಲೀಕರು ಬೈದಾರು
ಅಂದುಕೊಳ್ಳುತ್ತಲೇ ತೂರಿಸಿದೆ.
ಕೆಮ್ಮಿತು, ನಿಂತಿತು, ಕೊನೆಗೆ ಉಗುಳಿತು:
ಗಾಜಿನಂಥ ಚೌಕದಲ್ಲಿ ಸುರುಳಿ ಸುತ್ತಿದ ನೀಲಿ.

ಅಪ್ಪನೋ? ಬಲೆಯೋ? ಜಗಲಿಯೋ?
ಸೂಜಿಯ ಓಡಾಟವೋ? ಬರೀ ನೀಲಿಯೋ?
ಕೆಳಗೆ ಹೆಸರು ಬರೆಯಲು ಪೆನ್ನು ತೆಗೆದೆ,
ಮುಚ್ಚಳ ಹಾಕಿದೆ.

ಆಗ ಬಂದರು ಮಾಜಾಳಿಯ ಪಿಂಚಣಿಯವರು,
ತಾನಿನ್ನೂ ಬದುಕಿದ್ದೇನೆ ಎಂದು
ಬ್ಯಾಂಕಿಗೆ ತಿಳಿಸುವ ಕಾಗದದ ಝೆರಾಕ್ಸಿಗೆ.
ಇವಳು ಎದ್ದು ಹೋಗಿ
ಅವರ ಮೂಗಿನ ಮುಂದೆ ನೂಲು ಹಿಡಿದಳು.
ಕನ್ನಡಕ ಹಾಕಿಕೊಂಡು ನೋಡಿದರು,
ತಿರುಗಿಸಿ ನೋಡಿದರು.
‘ಹೆಸರೇನು ಮಗಾ’ ಎಂದು ಕೇಳಲಿಲ್ಲ.
ಅಂಗಿಯ ಕಿಸೆಯಿಂದ ತಮ್ಮ ಕಾರ್ಡು ತೆಗೆದು
ಅವಳ ಮುಂದೆ ಹಿಡಿದರು.
ದುರ್ವಾ ಮೂಸಿದಳು, ಮೂಲೆ ಕಚ್ಚಿದಳು,
ವಾಪಸು ಕೊಟ್ಟಳು.
‘ಹೂಂ’ ಎಂದು ಚಿಲ್ಲರೆ ಎಣಿಸಿದರು ಅವರು.

ರಾತ್ರಿ ನೂಲಿನ ಬೆನ್ನಿಗೆ ವೆಲ್ಕ್ರೋ ಅಂಟಿಸಿದೆ.
ಪಟ್ಟಿಯಲ್ಲಿ ಜಾಗವಿರಲಿಲ್ಲ.
ಅಮ್ಮನನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದೆ.